ಎಂಟನೆಯ ತಾಸು

ರೇಡಿಯೊದಲ್ಲಿ ಮಾತೇ ಆಡದೆ ಯುದ್ಧ ಮಾಡುವುದನ್ನು ಕಲಿಸಲು ಹೊರಟವರು ನಮ್ಮ ಬಟಾಲಿಯನ್ನಿನ ಮಹಾ ಬಾಯಿಬಡುಕ ಮೇಜರ್ ಮ್ವಾಕಿಯೊ. ಹಾಗೆಂದು ಮೊದಲು ಆಡಿಕೊಂಡು ನಕ್ಕವರೂ ಅವರೇ. ಇಪ್ಪತ್ತೆರಡು ವರ್ಷ ರೇಡಿಯೊ ಹಿಡಿದೇ ಸೈನ್ಯದ ಅನ್ನ ಉಂಡವರು. ಮನೆಯಲ್ಲಿ ಹೆಂಡತಿಯೊಡನೆ ಮಾತಾಡುವಾಗಲೂ ಕೊನೆಗೆ ‘ಓವರ್’ ಎನ್ನುತ್ತಿದ್ದರಂತೆ. ಆಕೆ ‘ಔಟ್’ ಎಂದು ಎದ್ದು ಹೋಗುತ್ತಿದ್ದಳಂತೆ.

ನಾವು ಗಡಿಗೆ ಹೊರಡಲು ಮೂರು ವಾರ ಉಳಿದಿತ್ತು. ಅಲ್ಲಿನ ಶತ್ರುಗಳು ರೇಡಿಯೊ ಜಾಮ್ ಮಾಡುತ್ತಾರೆ, ನಮ್ಮವರ ದನಿಯನ್ನೇ ಅನುಕರಿಸಿ ಸುಳ್ಳು ಆಜ್ಞೆ ಕೊಡುತ್ತಾರೆ ಎಂಬ ಸುದ್ದಿ ಬಂದಿತ್ತು. ಹಾಗಾಗಿ ಇಸಿಯೋಲೊ ಪಟ್ಟಣದಾಚೆಯ ಮುಳ್ಳುಬಯಲಿನಲ್ಲಿ ನಾಲ್ಕು ದಿನದ ಅಭ್ಯಾಸ. ಮೇಜರ್ ಹನ್ನೊಂದು ನಿಯಮ ಬರೆದರು. ಆಜ್ಞೆಯೆಲ್ಲ ಬಾಯಿಮಾತಿನಲ್ಲೇ, ಓಟಗಾರನ ಮೂಲಕವೇ ಹೋಗಬೇಕು. ಚೀಟಿಯಾದರೆ ಶತ್ರುವಿನ ಕೈಗೆ ಸಿಕ್ಕೀತು. ಯಾರಿಗೂ ತಮ್ಮ ಕೆಲಸದ ಹೊರತು ಇನ್ನೊಬ್ಬರ ಕೆಲಸ ಗೊತ್ತಿರಬಾರದು. ರೇಡಿಯೊದಲ್ಲಿ ಯಾರೇ ಆಜ್ಞೆ ಕೊಟ್ಟರೂ ಅದು ಶತ್ರುವಿನದೇ, ಸ್ವತಃ ಮ್ವಾಕಿಯೊ ದನಿಯಾದರೂ ಸರಿ. ತೋಪಿನ ಆಜ್ಞೆ ಬದಲಿಸಬೇಕೆಂದರೆ ಅಧಿಕಾರಿಯೇ ಖುದ್ದಾಗಿ ಹೋಗಿ ಆ ದಿನದ ಗುಟ್ಟಿನ ಮಾತು ಹೇಳಬೇಕು. ಬರೆದು ಮುಗಿಸಿ, ಇಂಥ ಬುದ್ಧಿವಂತ ತಮ್ಮ ತಾಯಿಯ ಹೊಟ್ಟೆಯಲ್ಲಿ ಹೇಗೆ ಹುಟ್ಟಿದನೋ ಎಂದು ಅವರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಮೂರನೆಯ ದಿನದ ಯೋಜನೆ ಸರಳವಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಸಾರ್ಜೆಂಟ್ ನಸೇರಿಯನ್ ಎಂಬಾಕೆ ತನ್ನ ನಾಲ್ಕು ಮಾರ್ಟರ್ ತೋಪುಗಳಿಂದ ಬೋಳುಗುಡ್ಡದ ಮೇಲೆ ನಿಜವಾದ ಶೆಲ್ಲುಗಳನ್ನೇ ಹಾರಿಸಬೇಕು. ಹೊಗೆ, ಬಿಸಿ ಎಲ್ಲ ಆರಿದ ಮೇಲೆ, ಮಧ್ಯಾಹ್ನ ಎರಡಕ್ಕೆ, ಕ್ಯಾಪ್ಟನ್ ಮುಥೂರಿಯ ನೂರಹನ್ನೆರಡು ಜನ ಗುಡ್ಡ ಹತ್ತಬೇಕು.

ಅಂದು ಬೆಳಿಗ್ಗೆ ಮೇಜರ್ ಓಟಗಾರ ಎಕಾಯ್‌ನನ್ನು ಕರೆದು, ಅಮ್ಮನ ಕಾಲದಿಂದ ಆಡಿಕೊಂಡು ಬಂದ ಸ್ವಾಹಿಲಿಯಲ್ಲಿ, "ಕ್ಯಾಪ್ಟನ್‌ಗೆ ಸಾ ನಾನೆಗೆ ಗುಡ್ಡ ಹತ್ತೋಕೆ ಹೇಳು" ಎಂದರು. ಸಾ ನಾನೆ ಅಂದರೆ ಎಂಟನೆಯ ತಾಸು. ನಮ್ಮಲ್ಲಿ ತಾಸು ಎಣಿಸುವುದು ಸೂರ್ಯ ಹುಟ್ಟಿದಲ್ಲಿಂದ. ಬೆಳಿಗ್ಗೆ ಏಳು ಮೊದಲನೆಯ ತಾಸು, ಮಧ್ಯಾಹ್ನ ಎರಡು ಎಂಟನೆಯದು. ಇದು ಹಾಲು ಕುಡಿಯುವ ಮಗುವಿಗೂ ಗೊತ್ತು.

ಎಕಾಯ್ ಓಡಿದ, ಮುಟ್ಟಿಸಿದ, ಎಂಟೂ ಇಪ್ಪತ್ತಕ್ಕೆ ಹಲ್ಲು ಕಿರಿಯುತ್ತ ಮರಳಿದ. ಮೇಜರ್ ಮಂದಾಝಿ ಎಂಬ ಕರಿದ ಬನ್ನನ್ನು ಚಹಾದಲ್ಲಿ ಅದ್ದುತ್ತಿದ್ದರು.

"ಹೇಳಿದ್ಯೇನಯ್ಯಾ?"

"ಹೇಳ್ದೆ ಅಫಾಂದೆ," ಎಂದ. ನಮ್ಮ ಸೈನ್ಯದಲ್ಲಿ ಅಧಿಕಾರಿಗೆ ‘ಸಾಹೇಬ್ರೇ’ ಅನ್ನುವುದು ಹೀಗೆ. "ಕ್ಯಾಪ್ಟನ್ ಸಾಹೇಬ್ರಿಗೆ ಭಾರೀ ಖುಷಿ. ಇಷ್ಟೊತ್ತಿಗಾಗ್ಲೇ ಅರ್ಧ ಗುಡ್ಡ ಹತ್ತಿರ್ತಾರೆ."

"ಆಗ್ಲೇ? ಏನಂತ ಹೇಳ್ದೆ ನೀನು?"

"ಅಧಿಕಾರಿ ಮುಂದೆ ಅಟೆನ್ಷನ್ನಲ್ಲಿ ನಿಂತು ಸ್ವಾಹಿಲಿ ಆಡಕ್ಕಾಗುತ್ತಾ ಅಫಾಂದೆ? ಇಂಗ್ಲಿಷಲ್ಲೇ ಹೇಳ್ದೆ. ‘ಏಯ್ಟ್ ಓ ಕ್ಲಾಕ್, ಸರ್!’ ಅಂತ."

ಮಂದಾಝಿ ಚಹಾದಲ್ಲಿ ಮುಳುಗಿಹೋಯಿತು. ಇನ್ನು ನಲವತ್ತು ನಿಮಿಷಕ್ಕೆ ಆ ಗುಡ್ಡದ ಮೇಲೆ ಶೆಲ್ಲು ಬೀಳುವುದಿತ್ತು.

ರೇಡಿಯೊಗೆ ಹಾರಿದರು. ಕ್ಯಾಪ್ಟನ್ ಕಡೆಯವನು ಅವರ ದನಿ ಕೇಳಿದ್ದೇ ತಡ, ನಿಯಮದಂತೆ ರೇಡಿಯೊವನ್ನೇ ಆರಿಸಿಬಿಟ್ಟ. ತೋಪಿನವರಿಗೆ ಕೂಗಿದರು. "ನಾನು ಮ್ವಾಕಿಯೊ! ಹಾರಿಸ್ಬೇಡಿ! ದೇವರಾಣೆ ಹಾರಿಸ್ಬೇಡಿ!"

ಅತ್ತಲಿಂದ ನಗು ಕೇಳಿಸಿತು. "ಭಲೇ ಕಣೋ ಶತ್ರು! ನಮ್ಮ ಮೇಜರ್ ಏದುಸಿರು ಬಿಡೋದನ್ನೂ ಕಲ್ತಿದೀಯಲ್ಲೋ. ಹೋಗು, ಚಹಾ ಕುಡಿ ಹೋಗು."

ಜೀಪು ನೀರು ತರಲು ಹೋಗಿತ್ತು. ಎಕಾಯ್‌ನನ್ನು ಗುಡ್ಡದ ಕಡೆ ಅಟ್ಟಿದರು. ಅವನ ಕಾಲಿಗೂ ಒಂಬತ್ತರೊಳಗೆ ತುದಿ ಮುಟ್ಟುವುದು ಆಗದ ಮಾತು. ತೋಪಿನ ಬಳಿಗೆ ಅಧಿಕಾರಿಯೇ ಹೋಗಬೇಕು, ನಿಯಮ ಬರೆದ ಮಹಾನುಭಾವ ತಾನೇ. ಮೇಜರ್ ಓಡಿದರು. ನಾಲ್ಕು ಕಿಲೋಮೀಟರು. ಹೊಟ್ಟೆ ಒಂದು ಹೆಜ್ಜೆ ಮುಂದೆ, ಅವರು ಒಂದು ಹೆಜ್ಜೆ ಹಿಂದೆ. ಒಣಹೊಳೆಯ ಮರಳಲ್ಲಿ ಬಿದ್ದರು, ಎದ್ದರು. ಹನ್ನೊಂದು ನಿಯಮ ಬರೆದ ಕೈ ಸೇದಿಹೋಗಬಾರದಿತ್ತೇ ಎಂದು ಶಪಿಸಿಕೊಂಡರು. ಮುಥೂರಿಯ ಮದುವೆಯಲ್ಲಿ ತಾನು ಕುಣಿದದ್ದು ನೆನಪಾಯಿತು. ಆ ಹುಡುಗಿಗೆ ಏನಂತ ಹೇಳಲಿ, ನಿನ್ನ ಗಂಡನನ್ನು ಕೊಂದದ್ದು ಒಂದು ಗಡಿಯಾರ ಅಂತಲೇ?

ತೋಪುಗಳ ಬಳಿ ಮುಟ್ಟಿದಾಗ ಒಂಬತ್ತಕ್ಕೆ ಎರಡು ನಿಮಿಷ. ನಸೇರಿಯನ್ ಬಂದೂಕು ಎತ್ತಿ ಹಿಡಿದಳು.

"ನಿಂತ್ಕೊಳ್ಳಿ. ಗುಟ್ಟಿನ ಮಾತು?"

ಮೇಜರ್ ಬಾಯಿ ತೆರೆದರು. ಉಸಿರು ಬಂತು, ಮಾತು ಬರಲಿಲ್ಲ. ಬೆಳಿಗ್ಗೆ ತಾವೇ ಹುಡುಕಿ, ಬರೆದು, ಸುಟ್ಟ ಮಾತು. ತಲೆಯೊಳಗೂ ಸುಟ್ಟುಹೋಗಿತ್ತು.

"ನಾನಮ್ಮಾ! ಮ್ವಾಕಿಯೊ! ಕಣ್ಣು ಕಾಣಲ್ವಾ ನಿಂಗೆ?"

"ಕಾಣುತ್ತೆ. ಮುಖ ನೋಡಿ ನಂಬಬೇಡ ಅಂತ ಒಂಬತ್ತನೇ ನಿಯಮ ಇದೆ. ಮಲಗಿ ನೆಲಕ್ಕೆ."

ಅವರು ಮಲಗಿದರು. "ಗುಡ್ಡದ ಮೇಲೆ ನಮ್ಮ ಜನ ಇದಾರೆ" ಎಂದು ಮಣ್ಣಿಗೆ ಬಾಯಿ ಹಚ್ಚಿಯೇ ಅತ್ತರು. ಕೈಗಡಿಯಾರ ಮೂಗಿನ ಎದುರಿಗೇ ಇತ್ತು. ಮುಳ್ಳು ಒಂಬತ್ತಕ್ಕೆ ಬಂತು. ಅವರು ಕಣ್ಣು ಮುಚ್ಚಿ ಕಿವಿ ಮುಚ್ಚಿಕೊಂಡರು.

ನೆಲ ಅದುರಲಿಲ್ಲ. ಕಣ್ಣು ಬಿಟ್ಟಾಗ ಒಂಬತ್ತು ದಾಟಿ ಮೂರು ನಿಮಿಷವಾಗಿತ್ತು. ತೋಪಿನ ಸಿಪಾಯಿಗಳು ಕೈ ಕಟ್ಟಿ ನಿಂತಿದ್ದರು.

"ಯಾಕೆ... ಯಾಕೆ ಹಾರಿಸ್ಲಿಲ್ಲ?"

ನಸೇರಿಯನ್ ಗುಡ್ಡದ ಕಡೆ ಗದ್ದ ಚಾಚಿ ತೋರಿಸಿದಳು. "ಮೇಕೆಗಳು ಅಫಾಂದೆ. ಯಾರದೋ ತಪ್ಪಿಸಿಕೊಂಡ ಹತ್ತು ಮೇಕೆ ಮೂರು ದಿನದಿಂದ ಅಲ್ಲೇ ಮೇಯ್ತಿದ್ವು. ಬೆಳಿಗ್ಗೆ ಹೊತ್ತಲ್ಲಿ ಮೇಕೆ ಹತ್ತುತ್ತೆ, ಇಳಿಯಲ್ಲ. ಇವು ಇಳಿದ್ವು. ಚಿರತೆ ಕಂಡಿದ್ರೆ ಚೆಲ್ಲಾಪಿಲ್ಲಿ ಓಡ್ತಿದ್ವು, ಜನ ಕಂಡ್ರೆ ಹೀಗೇ ಸಾಲಾಗಿ ಇಳಿಯೋದು. ನೋಡ್ಕೊಂಡು ಬರೋಕೆ ಒಬ್ಬನ್ನ ಕಳ್ಸಿದೀನಿ." ಬಂದೂಕು ಇಳಿಸಿದಳು. "ಆಜ್ಞೆ ಮೀರಿದೀನಿ. ಏನು ಶಿಕ್ಷೆ ಕೊಡ್ತೀರೋ ಕೊಡಿ."

ಹನ್ನೊಂದು ನಿಯಮಗಳಲ್ಲಿ ಮೇಕೆಯ ಮಾತು ಒಂದರಲ್ಲೂ ಇರಲಿಲ್ಲ. ಮೇಜರ್ ಎದ್ದು ಕೂತು, ಮೂಗು ಒರೆಸಿಕೊಂಡು, ಆಕೆಗೆ ಸಲ್ಯೂಟ್ ಹೊಡೆದರು. ಕೂತಲ್ಲಿಂದಲೇ.

ಹತ್ತೂವರೆಗೆ ಕ್ಯಾಪ್ಟನ್ ಮುಥೂರಿಯ ಜನ ಗುಡ್ಡ ಇಳಿದರು. ಮೇಜರ್ ಬುಡದಲ್ಲಿ ನಿಂತು ಒಬ್ಬೊಬ್ಬನ ಹೆಗಲು ಮುಟ್ಟಿ ಎಣಿಸಿದರು. ಅರವತ್ತಕ್ಕೆ ಕಣ್ಣು ಮಂಜಾಗಿ ಲೆಕ್ಕ ತಪ್ಪಿತು. "ನಿಲ್ರಪ್ಪಾ, ಇನ್ನೊಂದ್ಸಲ" ಎಂದು ಮೊದಲಿನಿಂದ ಎಣಿಸಿದರು. ಅವರ ಮೈಮೇಲಿನ ಮಣ್ಣು ನೋಡಿ ಸಿಪಾಯಿಗಳು ಕಿಸಿಕಿಸಿ ನಗುತ್ತಿದ್ದರು. ನೂರಹನ್ನೆರಡೂ ಸರಿಹೋಯಿತು.

ಮುಥೂರಿ ಎದೆಯುಬ್ಬಿಸಿ ನಿಂತ. "ಎಂಟಕ್ಕೆ ಅಂದ್ರೆ ಎಂಟಕ್ಕೇ ಹತ್ತೋಕೆ ಶುರು ಮಾಡಿದ್ವಿ ಅಫಾಂದೆ. ಒಂಬತ್ತಕ್ಕೆ ತುದೀಲಿ ಕೂತು ಫೋಟೊಗೆ ನಿಂತೋರ ಹಾಗೆ ನಗ್ತಿದ್ವಿ. ಹೆಂಗಿತ್ತು ನಮ್ಮ ಕೆಲಸ?"

"ನಿಮ್ದು ಸರಿಯಾಗೇ ಇತ್ತು ಮಗಾ. ಆ ಒಂಬತ್ತಕ್ಕೆ, ಆ ತುದಿ ಮೇಲೆ ತೋಪು ಹಾರಿಸೋಕೆ ಹೇಳಿದ್ದೆ ನಾನು."

ಕಿಸಿಕಿಸಿ ನಿಂತಿತು. ಮುಥೂರಿ ತಿರುಗಿ ಗುಡ್ಡವನ್ನೊಮ್ಮೆ ನೋಡಿದ, ಆಮೇಲೆ ತನ್ನವರನ್ನು ತಾನೂ ಎಣಿಸತೊಡಗಿದ.