ಕೆಂಚವ್ವ ನಾಗತಿಯ ಕೈ ಹಿಡಿದ ಕತ್ತಿ

ನಾನು ಒಂದು ಕತ್ತಿ. ಈಗ ನನ್ನ ಅಕ್ಕಪಕ್ಕ ಒರಗಿರುವ ಕತ್ತಿಗಳೆಲ್ಲ ಮರದವು, ಅಲ್ಯೂಮಿನಿಯಂನವು. ಅವುಗಳ ನಡುವೆ ಉಕ್ಕಿನದು ನಾನೊಂದೇ. ಕರಿಗಲ್ಲು ಕೋಟೆಯ ಕೆಳಗಿನ ಕುಲುಮೆಯಲ್ಲಿ ಹುಟ್ಟಿದೆ. ಕೆಂಪಗೆ ಕಾಯಿಸಿದರು, ಬಡಿದರು, ನೀರಿಗೆ ಅದ್ದಿದರು, ಮತ್ತೆ ಬಡಿದರು. ಹುಟ್ಟುವಾಗಲೇ ಅಷ್ಟು ಪೆಟ್ಟು ತಿಂದ ನನಗೆ ಆಮೇಲೆ ಪೆಟ್ಟು ಕೊಡುವುದು ಕಷ್ಟ ಅನ್ನಿಸಲಿಲ್ಲ.

ಹಿಡಿ ಕೂರಿಸುವಾಗ ಒಂದು ಮೊಳೆಯ ತಲೆ ಸ್ವಲ್ಪ ಮೇಲೆ ಉಳಿಯಿತು. ಉಜ್ಜಿ ಮಟ್ಟ ಮಾಡಲು ಕಮ್ಮಾರ ಅರ ಎತ್ತಿಕೊಂಡ. ನನ್ನನ್ನು ಮಾಡಿಸಿದ ಹೊನ್ನನಾಯಕ, ಆ ಪಾಳೆಯಪಟ್ಟಿನ ಎಳೆಯ ದೊರೆ, ಪಕ್ಕದಲ್ಲೇ ನಿಂತಿದ್ದ.

"ಇರಲಿ ಬಿಡು," ಅಂದ. "ಬೆವತರೆ ಕೈ ಜಾರಲ್ಲ."

ಆ ಮೊಳೆ ಅವನ ಅಂಗೈಯಲ್ಲಿ ಜಾಗ ಮಾಡಿಕೊಂಡಿತು. ಹೆಬ್ಬೆರಳ ಬುಡದಲ್ಲಿ ತೊಗರಿಬೇಳೆಯಷ್ಟು ಗುಳಿ, ಅದರ ಸುತ್ತ ಜಡ್ಡುಗಟ್ಟಿದ ಚರ್ಮ.

ಮೊದಲ ಸಲ ನಾನು ಒಬ್ಬನ ಕುತ್ತಿಗೆಗೆ ಇಳಿದದ್ದು ಒಂದು ಹುರುಳಿ ಹೊಲದಲ್ಲಿ. ಮೂಳೆ ಇಷ್ಟು ಗಟ್ಟಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಿದ್ದ ಮೇಲೂ ಅವನ ಕಾಲು ಮಣ್ಣು ಕೆರೆಯುತ್ತಿತ್ತು. ನಾಯಕ ನನ್ನನ್ನು ಹುರುಳಿ ಬಳ್ಳಿಯಲ್ಲಿ ಒರೆಸಿ, ಬೇಲಿಯ ಹಿಂದೆ ಹೋಗಿ ವಾಂತಿ ಮಾಡಿದ. ಎರಡನೆಯ ಸಲ ಮಾಡಲಿಲ್ಲ. ಆಮೇಲಿನವರ ಲೆಕ್ಕ ಅವನೂ ಇಡಲಿಲ್ಲ, ನಾನೂ ಇಡಲಿಲ್ಲ.

ಅವನ ಮದುವೆಯ ಮುಹೂರ್ತ ಬಂದಾಗ ಗಡಿಯಲ್ಲಿ ಯುದ್ಧ. ದೊರೆ ಬರಲಾಗದಿದ್ದರೆ ಅವನ ಕತ್ತಿಯೇ ಮದುಮಗ ಎನ್ನುವುದು ಆ ಮನೆತನದ ಪದ್ಧತಿ. ನಾಯಕ ನನ್ನನ್ನು ಸೊಂಟದಿಂದ ಬಿಚ್ಚಿ ಕೊಟ್ಟು, ಇನ್ಯಾರದೋ ಕತ್ತಿ ಕಟ್ಟಿಕೊಂಡ. ನನಗೆ ಅರಿಶಿನ ಹಚ್ಚಿದರು, ಬಾಸಿಂಗ ಕಟ್ಟಿದರು. ಹದಿನೆಂಟರ ಹುಡುಗಿ ಕೆಂಚವ್ವ ನನ್ನ ಪಕ್ಕದಲ್ಲಿ ಕೂತು ಮದುವೆಯಾದಳು. ಗಂಡನ ಮನೆಯ ಹೊಸಿಲು ದಾಟುವವರೆಗೆ ಮದುಮಗಳು ಕತ್ತಿಯ ಹಿಡಿ ಬಿಡಬಾರದು ಎಂದು ಪುರೋಹಿತರು ಹೇಳಿದರು. ಅವಳು ಬಿಡಲಿಲ್ಲ. ಪಲ್ಲಕ್ಕಿಯಲ್ಲಿ ತೂಕಡಿಸುವಾಗಲೂ ಮುಷ್ಟಿ ಸಡಿಲಿಸಲಿಲ್ಲ.

"ಮಾರಕ್ಕ, ಅವರು ನೋಡೋಕೆ ಹೆಂಗಿದಾರೆ?" ಎಂದು ದಾರಿಯುದ್ದಕ್ಕೂ ತನ್ನನ್ನು ಸಾಕಿದ ದಾದಿಯನ್ನು ಕೇಳುತ್ತಿದ್ದಳು.

"ನಾನೇನು ಕಂಡಿದೀನಾ ತಾಯಿ? ಸದ್ಯಕ್ಕೆ ಈ ಗಂಡನೇ ಚೆಂದ. ಊಟ ಕೇಳಲ್ಲ, ಗೊರಕೆ ಹೊಡೆಯಲ್ಲ."

"ಚುಚ್ತಾನೆ ಕಣಕ್ಕ. ನೋಡಿಲ್ಲಿ."

ಅವಳ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು, ಒಡೆದು, ಗುಳಿ ಬಿದ್ದಿತ್ತು.

ನಾಯಕನ ಮುಖ ನನಗೆ ಗೊತ್ತಿತ್ತು. ಸಿಡುಬಿನ ಕಲೆ, ಮುಂದಿನ ಒಂದು ಹಲ್ಲು ಮುರಿದದ್ದು, ಅದಕ್ಕಾಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ. ಹೇಳಲು ನನಗೆ ಬಾಯಿ ಎಲ್ಲಿದೆ?

ಪಲ್ಲಕ್ಕಿ ಅರಮನೆಯ ಮುಂದೆ ಇಳಿಯುವ ಹೊತ್ತಿಗೇ ಗಡಿಯಿಂದ ಎತ್ತಿನ ಗಾಡಿಗಳು ಬಂದವು. ತುಂಬ ಹೆಣ. ಒಂದಕ್ಕೂ ತಲೆ ಇಲ್ಲ. ವೈರಿಗಳು ಕೊಯ್ದು ಒಯ್ದಿದ್ದರು. ಮೈಮೇಲಿನ ಬಟ್ಟೆ, ಬಂಗಾರ ಏನನ್ನೂ ಬಿಟ್ಟಿರಲಿಲ್ಲ. ನಾಯಕರ ಕೈಯ ಕತ್ತಿ ಹಿಡಿಯ ಹತ್ತಿರವೇ ಮುರಿಯಿತು, ಅವರೂ ಬಿದ್ದರು ಎಂದು ಗಾಡಿಯವನು ಹೇಳಿದ. ಆರತಿ ತಟ್ಟೆ ಹಿಡಿದಿದ್ದ ಹೆಂಗಸರು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು.

ಕೋಟೆಯ ಕಾವಲಿನ ಮುದುಕ ತಿಪ್ಪಯ್ಯ ಹತ್ತಿರ ಬಂದು ಮೆಲ್ಲಗೆ ಅಂದ: "ಇದ್ದುದರಲ್ಲಿ ಎತ್ತರದ ಮೈ ನೋಡಿ, ನಾಯಕರು ಅಂದು ಮಣ್ಣು ಮಾಡೋಣ ಅವ್ವಾರೆ. ವೈರಿಗಳು ಹಿಂದೇನೇ ಬರ್ತಾ ಇದಾರೆ. ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಗಬೇಕಲ್ಲ, ತಿಪ್ಪಯ್ಯನೋರೆ."

"ಮುಖ ಕಂಡಿಲ್ಲ ನೀವು. ಕಾಣೋಕೆ ಮುಖಾನೂ ಇಲ್ಲ."

ಅವಳು ತನ್ನ ಅಂಗೈ ನೋಡಿಕೊಂಡಳು. ನನ್ನನ್ನು ಬಲಗೈಯಲ್ಲೇ ಹಿಡಿದು ಗಾಡಿ ಹತ್ತಿದಳು. ಎಡಗೈಯಿಂದ ಸತ್ತವರ ಮುಷ್ಟಿ ಬಿಡಿಸತೊಡಗಿದಳು. ಬೆರಳುಗಳು ಸೆಟೆದಿದ್ದವು. ಕೆಲವು ಲಟಕ್ಕೆಂದವು. ಕೆಲವು ಕೈಗಳಿಗೆ ಬೆರಳೇ ಇರಲಿಲ್ಲ. ಮದುವೆ ಸೀರೆಯ ಅಂಚು ರಕ್ತದಲ್ಲಿ ನೆನೆದು ಕಾಲಿಗೆ ಅಂಟಿತು.

"ಕತ್ತಿ ಹಿಡಿದೋರ ಕೈಯೆಲ್ಲ ಜಡ್ಡೇ ತಾಯಿ," ಅಂದ ತಿಪ್ಪಯ್ಯ.

"ಈ ಕತ್ತಿ ಹಿಡಿದ ಕೈ ಒಂದೇ."

ಕೊನೆಯ ಗಾಡಿಯ ತಳದಲ್ಲಿ ಅದು ಸಿಕ್ಕಿತು. ಅಷ್ಟೇನೂ ಎತ್ತರದ ಮೈಯಲ್ಲ. ಅಂಗೈ ಬಿಡಿಸಿದಳು, ಬೆರಳಿಂದ ಸವರಿದಳು. ನನ್ನನ್ನು ಎಡಗೈಗೆ ದಾಟಿಸಿ, ತನ್ನ ಬಲಗೈಯನ್ನು ಅವನ ಕೈಯ ಮೇಲೆ ಇಟ್ಟಳು. ಅದೇ ಜಾಗದಲ್ಲಿ ಅದೇ ಗುಳಿ.

"ಇವರೇ," ಅಂದಳು. "ಇವರಿಗೆ ನೀರು ಹಾಕಿ."

ಸತ್ತವನ ಹೆಂಡತಿಯನ್ನು ಆರತಿ ಎತ್ತಿ ಒಳಗೆ ಕರೆದುಕೊಳ್ಳುವವರು ಯಾರು? ಅವಳು ಹೊಸಿಲು ದಾಟಲಿಲ್ಲ. ಹಾಗಾಗಿ ನನ್ನನ್ನು ಬಿಡಲೂ ಇಲ್ಲ.

ಮರುದಿನ ವೈರಿಗಳು ಆನೆ ನುಗ್ಗಿಸಿ ಹೆಬ್ಬಾಗಿಲು ಒಡೆದರು. ಕೆಂಚವ್ವ ಅರಮನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಮೊದಲು ಬಂದವನು ಹೆಂಗಸೆಂದು ನಕ್ಕ; ಅವನ ಹೊಟ್ಟೆಯಲ್ಲಿ ನಾನು ಹಿಡಿಯವರೆಗೂ ಹೋದೆ. ಎರಡನೆಯವನ ಕೈ ಮಣಿಕಟ್ಟಿನಲ್ಲೇ ತುಂಡಾಗಿ ಕತ್ತಿಯ ಸಮೇತ ಮೆಟ್ಟಿಲು ಉರುಳಿತು. ಬೆವರು ಹರಿಯಿತು, ರಕ್ತ ಹರಿಯಿತು, ಅವಳ ಕೈ ಜಾರಲಿಲ್ಲ. ಹಿಂದಿನಿಂದ ಒಂದು ಈಟಿ ಬಂದು ಎದೆಯಲ್ಲಿ ತುದಿ ತೋರಿಸಿತು. ಬಿದ್ದ ಮೇಲೂ ಮುಷ್ಟಿ ಬಿಗಿಯಾಗಿಯೇ ಇತ್ತು. ನನ್ನನ್ನು ಕಿತ್ತುಕೊಳ್ಳಲು ಬಂದ ಸಿಪಾಯಿ ಬೆರಳು ಬಿಡಿಸಲು ಎಳೆದಾಡಿ ಸೋತು, ಬಾಕು ತೆಗೆದ.

ಅವನ ಮನೆಯ ಗೋಡೆಗೆ ನಾನು ನೇತಾಡಿದೆ. ತಲೆಮಾರುಗಳ ಮೇಲೆ ಆ ಮನೆಯ ಅಣ್ಣತಮ್ಮಂದಿರು ಆಸ್ತಿಗೆ ಬಡಿದಾಡಿದಾಗ ತಮ್ಮ ನನ್ನನ್ನು ಅಣ್ಣನ ಹೆಗಲಿಗೆ ಇಳಿಸಿದ. ಆಮೇಲೆ ಗೋಣಿ ಸುತ್ತಿ ಅಟ್ಟಕ್ಕೆ ಎಸೆದರು. ಅಲ್ಲಿಂದ ಗುಜರಿ, ಗುಜರಿಯಿಂದ ಸಿನಿಮಾದವರಿಗೆ ಸಾಮಾನು ಬಾಡಿಗೆ ಕೊಡುವ ಈ ಗೋದಾಮು.

ಒಂದು ದಿನ ಕೆಂಚವ್ವನ ಕಥೆಯನ್ನೇ ಸಿನಿಮಾ ಮಾಡುವವರು ನನ್ನನ್ನು ಒಯ್ದರು. ಅವರ ನಾಯಕನ ಕೆನ್ನೆ ಕನ್ನಡಿಯಂತೆ ನುಣುಪು. ಗಂಡಹೆಂಡಿರು ಕೊಳದ ಸುತ್ತ ಓಡುತ್ತಾ ಹಾಡುತ್ತಾರೆ. ಕೊನೆಗೆ ಅವನು ಅವಳ ತೊಡೆಯ ಮೇಲೆ ತಲೆಯಿಟ್ಟು, ಕಣ್ಣಲ್ಲಿ ಕಣ್ಣಿಟ್ಟು, ಉದ್ದನೆಯ ಮಾತಾಡಿ ಸಾಯುತ್ತಾನೆ. ಎಲ್ಲಾ ಸುಳ್ಳು ಎಂದು ನನಗೆ ಮೊದಲು ಸಿಟ್ಟು ಬಂತು. ಆಮೇಲೆ, ಇರಲಿ, ಇಲ್ಲಾದರೂ ಅವಳು ಒಂದು ಮುಖ ನೋಡಲಿ ಅನ್ನಿಸಿತು.

ಮೆಟ್ಟಿಲ ಮೇಲಿನ ಕಾಳಗ ತೆಗೆಯುವಾಗ ಕೆಂಚವ್ವ ನಾಗತಿಯ ಪಾತ್ರದ ಹುಡುಗಿ ನಡುವೆ ನಿಲ್ಲಿಸಿ ಅಂಗೈ ನೋಡಿಕೊಂಡಳು. ಹೆಬ್ಬೆರಳ ಬುಡ ಕೆಂಪಾಗಿ ಗುಳಿ ಬಿದ್ದಿತ್ತು. ಸಾಮಾನು ನೋಡಿಕೊಳ್ಳುವ ರುದ್ರೇಶಣ್ಣ ಓಡಿ ಬಂದ.

"ಮೊಳೆ ಎದ್ದಿದೆ ಮೇಡಂ. ಅರ ತಂದಿದೀನಿ, ಒಂದು ನಿಮಿಷ, ಉಜ್ಜಿಬಿಡ್ತೀನಿ."

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನನ್ನು ಮತ್ತೆ ಹಿಡಿದಳು.

"ಬೇಡ ಅಣ್ಣ, ಇರಲಿ ಬಿಡಿ. ಈ ಲೈಟಿಗೆ ಕೈಯೆಲ್ಲ ಬೆವರ್ತಿದೆ. ಇದಿದ್ರೆ ಜಾರಲ್ಲ."

ಸಿನಿಮಾ ಮುಗಿಯಿತು, ನಾನು ಮೂಲೆಗೆ ಬಂದೆ. ಎಷ್ಟೋ ಜನರ ಮೈ ಹೊಕ್ಕಿದ್ದೇನೆ, ಅವರಲ್ಲಿ ಒಬ್ಬರ ಮುಖವೂ ನೆನಪಿಲ್ಲ. ಹಿಡಿದ ಕೈಗಳು ಮಾತ್ರ ನೆನಪಿವೆ. ಆ ಹುಡುಗಿಯ ಅಂಗೈಯ ಗುರುತು ಈ ಹೊತ್ತಿಗೆ ಮಾಸಿರಬೇಕು. ನನ್ನ ಅಲಗನ್ನು ತುಕ್ಕು ತಿನ್ನುತ್ತಿದೆ. ತಿನ್ನಲಿ. ಮೊಳೆಯ ತಲೆಗೆ ಮಾತ್ರ ಅದು ಇನ್ನೂ ಬಂದಿಲ್ಲ. ಅಷ್ಟು ಕೈಗಳು ಉಜ್ಜಿ ಉಜ್ಜಿ ಅದು ಇವತ್ತಿಗೂ ಹೊಳೆಯುತ್ತಿದೆ.