ಕನ್ನಡ ಬಾರದವರ ಕ್ಲಾಸು

ಒತ್ತಿಯೇಬಿಟ್ಟ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಮೂಡಿ, ಇಂಗ್ಲಿಷಿನಲ್ಲಿ ಅಭಿನಂದನೆ ಹೇಳಿ ಮರೆಯಾಯಿತು. ಈ ಕಾಲೇಜಿಗೆ ಸೇರಿದ ಮೇಲೆ ನಾಗಾರ್ಜುನನನ್ನು ಯಾರಾದರೂ ಅಭಿನಂದಿಸಿದ್ದು ಅದೇ ಮೊದಲು.

ಅವನು ಕಂಪ್ಯೂಟರ್ ಸೈನ್ಸಿನ ಮೊದಲ ವರ್ಷದವನು. ಹೊಸದಾಗಿ ಶುರುವಾದ ಸೆಮಿಸ್ಟರಿಗೆ ಯಾವ ಯಾವ ವಿಷಯ ಓದುತ್ತೀರಿ ಎಂದು ಎಲ್ಲರೂ ಶನಿವಾರ ಬೆಳಿಗ್ಗೆಯೊಳಗೆ ತಿಳಿಸಬೇಕಿತ್ತು. ಪೈಥಾನೋ ಜಾವಾವೋ ಎಂದು ಹುಡುಗರು ವಾರದಿಂದ ಮೀನಮೇಷ ಎಣಿಸುತ್ತಿದ್ದರು. ನಾಗಾರ್ಜುನ ಎಣಿಸುತ್ತಿದ್ದುದೇ ಬೇರೆ. ಪಕ್ಕದಲ್ಲಿ ಯಾರು ಕೂರುತ್ತಾರೆ? ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಅದನ್ನು ಕೇಳುವ ಕಾಲಂ ಮಾತ್ರ ಆ ಪೋರ್ಟಲ್ಲಿನಲ್ಲಿ ಎಲ್ಲೂ ಇರಲಿಲ್ಲ.

ಹಾಗಾಗಿ ರಂಗಸ್ವಾಮಿ ಹೇಳಿದ್ದನ್ನೆಲ್ಲ ಒತ್ತಿದ್ದ. ರಂಗಸ್ವಾಮಿ ಕೆ.ಆರ್. ಪೇಟೆಯವನು, ಒಂದೇ ಬೆಂಚಿನವನು. ಲ್ಯಾಬ್ ರೆಕಾರ್ಡು ಬೇಕಾದಾಗ 'ಮಗಾ' ಎನ್ನುತ್ತಿದ್ದ. ಉಳಿದ ಹೊತ್ತು 'ರ್‍ಯಾಂಕು' ಎನ್ನುತ್ತಿದ್ದ. ಮುಂದಿನ ಸಾಲಿನ ಇಂಗ್ಲಿಷ್ ಹುಡುಗರಿಗೆ ನಾಗಾರ್ಜುನ ಹಳ್ಳಿಯವನು, ಹಿಂದಿನ ಸಾಲಿನ ಕೆ.ಆರ್. ಪೇಟೆ, ಪಾಂಡವಪುರದ ಹುಡುಗರಿಗೆ ಓದುವವನು. ಅತ್ತ ದರಿ ಇತ್ತ ಪುಲಿ ಎನ್ನುವುದಾದರೆ ಒಂದು ಲೆಕ್ಕ. ಇಲ್ಲಿ ಪುಲಿಯೂ ಅವನ ಕಡೆ ತಿರುಗಿ ನೋಡುತ್ತಿರಲಿಲ್ಲ.

"ಕನ್ನಡ ಯಾವ್ದ್ ತಗಳಣ?" ಎಂದು ನಾಗಾರ್ಜುನ ನಿನ್ನೆ ಅವನನ್ನು ಕೇಳಿದ್ದ.

ಕನ್ನಡದಲ್ಲಿ ಎರಡಿತ್ತು. ಕನ್ನಡದವರಿಗೆ ಸಾಂಸ್ಕೃತಿಕ ಕನ್ನಡ, ಹೊರಗಿನಿಂದ ಬಂದು ಕನ್ನಡ ಬಾರದವರಿಗೆ ಬಳಕೆ ಕನ್ನಡ.

"ಬಳಕೆ ತಗೋ ಕಣ್ಲಾ. ಪದ್ಯ ಇಲ್ಲ, ಗದ್ಯ ಇಲ್ಲ. ನಾವೆಲ್ಲಾ ಅದುನ್ನೇ ತಗತಾ ಇರೋದು."

"ನಮ್ಗೆ ಕನ್ನಡ ಬತ್ತದಲ್ಲಾ?"

"ಬಂದ್ರೆ ಬತ್ತದೆ. ಅವ್ರಿಗೇನ್ ಗೊತ್ತಾದದು ಬುಡು."

ನಾವೆಲ್ಲಾ ಎಂದಿದ್ದ. ಆ 'ನಾವು' ಎಂಬುದರೊಳಗೆ ತಾನೂ ಇದ್ದೇನೆಂದು ನಾಗಾರ್ಜುನನಿಗೆ ಖುಷಿಯಾಗಿತ್ತು. ರಾತ್ರಿ ತನ್ನೂರು ಬಿಂಡಿಗನವಿಲೆಗೆ ಫೋನು ಮಾಡಿ ಅವ್ವನಿಗೂ ಹೇಳಿದ್ದ. ದ್ಯಾವಮ್ಮ ಕುರಿಗಳನ್ನು ಹಟ್ಟಿಗೆ ಕೂಡಿ, ಬಾಗಿಲು ಹಾಕಿ ಬಂದು ಫೋನು ಎತ್ತಿಕೊಂಡಿದ್ದಳು.

"ಕನ್ನಡದಲ್ಲೂ ಎಲ್ಡ್ ತರ ಐತಾ ಮಗಾ?" ಎಂದು ನಕ್ಕಿದ್ದಳು. ಆಮೇಲೆ ನಗು ನಿಲ್ಲಿಸಿ, "ಇರು, ನಾಳೆ ಬೋರೇದೇವ್ರ ಗುಡೀಲಿ ಹೂ ಕೇಳ್ಬುಡ್ತೀನಿ. ಮದ್ಲನೇದು ಆದ್ರೆ ಬಲಗಡೆ ಕೊಡ್ಲಿ, ಎಲ್ಡನೇದು ಆದ್ರೆ ಎಡಗಡೆ," ಎಂದಿದ್ದಳು.

ಮಗನ ಮದುವೆಗೆ, ಬೋರ್‌ವೆಲ್ಲಿಗೆ, ಕಳೆದುಹೋದ ಟಗರಿಗೆ ಊರೆಲ್ಲ ಆ ದೇವರ ಹೂವಿಗೆ ಕಾಯುತ್ತಿತ್ತು. ಸೆಮಿಸ್ಟರಿನ ವಿಷಯ ಅದರ ಮುಂದೆ ಹೋದದ್ದು ಇದೇ ಮೊದಲು. ನಾಗಾರ್ಜುನ ಬೇಡ ಎನ್ನಲಿಲ್ಲ. ತಾನು ಯಾವುದನ್ನು ಮೊದಲನೆಯದೆಂದು ಹೇಳಿದ್ದೆ, ಯಾವುದನ್ನು ಎರಡನೆಯದೆಂದು ಹೇಳಿದ್ದೆ ಎಂಬುದು ಫೋನಿಟ್ಟ ಮೇಲೆ ಅವನಿಗೇ ಮರೆತುಹೋಯಿತು.

ಹೂ ಬೀಳುವವರೆಗೆ ಪೋರ್ಟಲ್ಲು ಕಾಯುವುದಿಲ್ಲ. ಒತ್ತಿಬಿಟ್ಟಿದ್ದ.

ಲ್ಯಾಬಿನಿಂದ ಹೊರಬಂದಾಗ ರಂಗಸ್ವಾಮಿ ಕಟ್ಟೆಯ ಮೇಲೆ ನಾಲ್ಕೈದು ಹುಡುಗರ ನಡುವೆ ಕೂತು ತನ್ನ ಮೊಬೈಲು ನೋಡುತ್ತಿದ್ದ.

"ಹಾಕ್ದೆ ಕಣ್ಲಾ, ಬಳಕೆ."

ರಂಗಸ್ವಾಮಿ ತಲೆಯೆತ್ತಿದ. ಒಮ್ಮೆ ಪಕ್ಕದವನ ಮುಖ ನೋಡಿದ.

"ಅಯ್ಯೋ. ನಾವ್ ಸಾಂಸ್ಕೃತಿಕಕ್ಕೇ ಹಾಕ್ಬುಟ್ಟೊ. ಸಿಕ್ಕಾಕ್ಕಂಡ್ರೆ ಮಾರ್ಕ್ಸ್ ತಡೀತಾರಂತೆ. ಗ್ರೂಪಲ್ಲಿ ಹಾಕಿದ್ನಲ್ಲ."

"ಯಾವ ಗ್ರೂಪು?"

ಒಬ್ಬ ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದ. ರಂಗಸ್ವಾಮಿ, "ಓ, ನೀನಿಲ್ವಾ ಅದ್ರಲ್ಲಿ? ಸೇರುಸ್ತೀನಿ ಬುಡು," ಎಂದ. ಮೊಬೈಲು ಅವನ ಕೈಯಲ್ಲೇ ಇತ್ತು.

ಒಂದು ಕುರಿ ಹಳ್ಳಕ್ಕೆ ಬಿದ್ದರೆ ಎಲ್ಲ ಬಿದ್ದವಂತೆ. ಗಾದೆಯ ಕುರಿಗೆ ಹಳ್ಳದಲ್ಲಾದರೂ ಜೊತೆ ಇರುತ್ತದೆ ಎಂದುಕೊಂಡ ನಾಗಾರ್ಜುನ. ಕುರಿಗಳ ನಡುವೆಯೇ ಬೆಳೆದವನು ಅವನು. ಹಿಂಡು ತಿರುಗಿದ್ದು ಗೊತ್ತಾಗದೆ ಒಂಟಿಯಾಗಿ ನಿಂತ ಮರಿ ಹೇಗೆ ಅರಚುತ್ತದೆ ಎಂದು ಗೊತ್ತಿತ್ತು. ಅರಚಲು ನಾಚಿಕೆಯಾಗಿ ಆಫೀಸಿಗೆ ಹೋದ.

ಕ್ಲರ್ಕು ನಿಂಗರಾಜು ಊಟದ ಡಬ್ಬಿ ಬಿಚ್ಚುತ್ತಿದ್ದ. ವಿಷಯ ಬದಲಿಸಬಹುದೇ ಎಂದು ನಾಗಾರ್ಜುನ ಕೇಳಿದ.

"ಲಾಕ್ ಆಗೋಯ್ತಲ್ಲಪ್ಪ."

"ಸರ್, ನಂಗೆ ಕನ್ನಡ ಬರುತ್ತೆ."

"ಮತ್ಯಾಕ್ ತಗಂಡೆ?"

ಜೊತೆಗಾಗಿ ಎನ್ನುವುದು ಆಫೀಸಿನಲ್ಲಿ ಹೇಳುವ ಕಾರಣವಲ್ಲ.

"ಒಂದ್ ಸೆಮಿಸ್ಟರ್ ತಾನೆ, ಕಳ್ದೋಯ್ತದೆ," ಎಂದು ನಿಂಗರಾಜು ಮುದ್ದೆ ಮುರಿದ. "ಯಾರಾದ್ರೂ ಕೇಳುದ್ರೆ ಬರಕಿಲ್ಲ ಅನ್ನು."

ಸಾರಿನ ವಾಸನೆಗೆ ಹಸಿವು ನೆನಪಾಯಿತು. ಕ್ಯಾಂಟೀನಿಗೆ ಹೋದರೆ ಕಟ್ಟೆಯ ಮುಂದೆಯೇ ಹಾಯಬೇಕು. ನಲ್ಲಿ ನೀರು ಕುಡಿದು ಅದೇ ಮಧ್ಯಾಹ್ನ ಶುರುವಾಗಲಿದ್ದ ಬಳಕೆ ಕನ್ನಡದ ಕ್ಲಾಸಿಗೆ ನಡೆದ.

ಮಹಡಿಯ ಮೂಲೆಯ ಚಿಕ್ಕ ಕೋಣೆ. ಬಿಹಾರ, ಕೇರಳ, ಆಂಧ್ರದ ಹುಡುಗರು ಚೆಲ್ಲಾಪಿಲ್ಲಿಯಾಗಿ ಕೂತಿದ್ದರು. ಬಾಗಿಲಲ್ಲೇ ಅನುಮಾನಿಸುತ್ತ ನಿಂತ. ಎರಡನೇ ಬೆಂಚಿನ ತೆಳ್ಳಗಿನ ಹುಡುಗನೊಬ್ಬ ಅವನನ್ನು ನೋಡಿ, ತನ್ನ ಬ್ಯಾಗನ್ನು ಕೆಳಗಿಟ್ಟು, ಬೆಂಚನ್ನು ಅಂಗೈಯಿಂದ ಒರೆಸಿ ಸರಿದು ಕೂತ.

ಯಾರೋ ತನಗೆಂದು ಜಾಗ ಮಾಡಿದ್ದರು. ನಾಗಾರ್ಜುನ ಹೋಗಿ ಕೂತ. ಇಷ್ಟಕ್ಕೇ ಹಿಗ್ಗಿದ್ದಕ್ಕೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಹುಡುಗನ ಹೆಸರು ಕುಂದನ್ ಝಾ, ಬಿಹಾರದ ದರ್ಭಾಂಗದವನು. "ನಾಗಾರ್ಜುನ? ಹಾಗಾದರೆ ತೆಲುಗು," ಎಂದು ಇಂಗ್ಲಿಷಿನಲ್ಲಿ ತಾನೇ ತೀರ್ಮಾನಿಸಿದ. ನಾಗಾರ್ಜುನ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸುಮ್ಮನೆ ನಕ್ಕ.

ಪಾಠ ಮಾಡುವ ಸಹನ ಮೇಡಂ ಬಂದು, "ಇಲ್ಲಿ ಕನ್ನಡ ಬರುವವರು ಯಾರಾದರೂ ಇದ್ದರೆ ದಯವಿಟ್ಟು ಈಗಲೇ ಎದ್ದು ಹೋಗಿ. ಆಮೇಲೆ ಗೊತ್ತಾದರೆ ತೊಂದರೆ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾಗಾರ್ಜುನನ ಮಂಡಿ ಅರ್ಧ ಎದ್ದಿತು. ಎದ್ದರೆ ಕುಂದನ್ ಮತ್ತೆ ಬ್ಯಾಗನ್ನು ಮೇಲಿಡುತ್ತಾನೆ. ಮಂಡಿ ಕೂತುಕೊಂಡಿತು.

ಮೊದಲ ಪಾಠದ ಜೆರಾಕ್ಸ್ ಹಾಳೆ ಹಂಚಿದಳು. ಇಬ್ಬಿಬ್ಬರಾಗಿ ಓದಬೇಕು. ಒಬ್ಬ ಕೇಳುವುದು, ಒಬ್ಬ ಹೇಳುವುದು.

ಕುಂದನ್ ಹಾಸ್ಟೆಲಿನಲ್ಲಿ ಕೂತು ಮೊಬೈಲಿನಲ್ಲೇ ಅಕ್ಷರ ಕಲಿತಿದ್ದನಂತೆ. ಬೆರಳಿಟ್ಟು ಒಂದೊಂದನ್ನೇ ಎತ್ತಿಕೊಂಡ. "ನಮಸ್ಕಾರ. ನೀವು ಹೇಗೆ ಇದ್ದೀರಿ?"

"ನಾನು ಚೆನ್ನಾಗಿ ಇದ್ದೇನೆ," ಎಂದು ನಾಗಾರ್ಜುನ ಹಾಳೆ ನೋಡಿ ಓದಿದ. ಸುಳ್ಳು ಹಾಳೆಯದು, ತನ್ನದಲ್ಲ.

"ನಿಮ್ಮ ಊಟ ಆಯಿತೇ?"

ಕಿರಂಗೂರಿನಲ್ಲಿ ಅವನಿಗೆ ರೂಮು ಕೊಟ್ಟಿರುವ ಪುಟ್ಟತಾಯಮ್ಮ ದಿನಕ್ಕೆರಡು ಸಲ ಮಾತಾಡಿಸುತ್ತಾಳೆ. ಬೆಳಿಗ್ಗೆ "ಮೋಟ್ರು ಆಪ್ ಮಾಡ್ದಾ?" ಸಂಜೆ "ಗೇಟ್ ಹಾಕ್ದಾ?" ಊಟ ಆಯಿತೇ ಎಂದು ಎದುರಿಗೆ ಕೂತು, ಮುಖ ನೋಡಿ, ಉತ್ತರಕ್ಕೆ ಕಾದು ಕೇಳಿದವನು ಇಲ್ಲಿ ಈ ಕುಂದನ್ ಒಬ್ಬನೇ. ಕೇಳಿದ್ದರ ಪೂರ್ತಿ ಅರ್ಥ ಅವನಿಗೂ ಗೊತ್ತಿರಲಿಕ್ಕಿಲ್ಲ.

ನಾಗಾರ್ಜುನ ಉತ್ತರದ ಸಾಲನ್ನು ಹುಡುಕಿದ. ಕಣ್ಣು ತುಂಬಿತು. ಹಾಳೆ ಮಂಜಾಯಿತು.

ಸಹನ ಮೇಡಂ ಹತ್ತಿರ ಬಂದಳು. "ಗಾಬರಿ ಬೇಡ. ನಿಧಾನಕ್ಕೆ. ಮೊದಲು ಎಲ್ಲರಿಗೂ ಕಷ್ಟವೇ." ಬೋರ್ಡಿನ ಮೇಲೆ ಅವನೊಬ್ಬನಿಗಾಗಿಯೇ ದಪ್ಪವಾಗಿ ಬರೆದಳು: ಆ-ಯಿ-ತು.

"ಆ... ಯಿ... ತು," ಎಂದ ನಾಗಾರ್ಜುನ.

"ವೆರಿ ಗುಡ್," ಎಂದಳು. ಕೇರಳದ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿದಳು. ಕನ್ನಡದಲ್ಲಿ ನೂರಕ್ಕೆ ತೊಂಬತ್ತೆಂಟು ತೆಗೆದು ನಾಗಮಂಗಲದ ಶಾಲೆಯಲ್ಲಿ ಹಾರ ಹಾಕಿಸಿಕೊಂಡವನು ನಾಚಿ ತಲೆ ತಗ್ಗಿಸಿದ. ಸಂತೋಷವೂ ಆಗಿತ್ತು. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

ಕ್ಲಾಸು ಬಿಟ್ಟ ಮೇಲೆ ಇಬ್ಬರೂ ಜೊತೆಯಾಗಿ ಬಸ್ ಸ್ಟಾಪಿಗೆ ನಡೆದರು. ಶನಿವಾರ ಸಂಜೆ ನಾಗಾರ್ಜುನ ಊರಿಗೆ ಹೋಗುವವನು, ಅದನ್ನು ಬಾಯಿಬಿಟ್ಟಿರಲಿಲ್ಲ. ಕುಂದನ್‌ಗೆ ಹೋಗಲು ಯಾವ ಊರೂ ಇರಲಿಲ್ಲ, ಚಹಾ ಕುಡಿಯಲು ಬಂದಿದ್ದ. ರಸ್ತೆಯ ಪಕ್ಕ ಕಬ್ಬಿನ ಲಾರಿಗಳು ನಿಂತಿದ್ದವು.

"ಮೆಸ್ಸಿನಲ್ಲಿ ಇವರು ಮಾತಾಡುವಾಗ ನಾನು ಸುಮ್ಮನೆ ನಗುತ್ತೇನೆ," ಎಂದ ಕುಂದನ್ ಇಂಗ್ಲಿಷಿನಲ್ಲಿ. "ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಅನಿಸುತ್ತದೆ. ಏನು ಹೇಳಿದರು ಅಂತ ಯಾರನ್ನು ಕೇಳುವುದು? ನಿನಗೂ ಹಾಗೇನಾ?"

"ಹೌದು," ಎಂದ ನಾಗಾರ್ಜುನ. ಆ ಕ್ಲಾಸಿಗೆ ಕಾಲಿಟ್ಟ ಮೇಲೆ ಅವನು ಆಡಿದ ನಿಜ ಅದೊಂದೇ.

"ಇನ್ನು ಪರವಾಗಿಲ್ಲ. ಇಬ್ಬರಾದೆವು."

ಬೈಕೊಂದು ಪಕ್ಕದಲ್ಲೇ ನಿಧಾನವಾಯಿತು. ಹಿಂದೆ ಕೂತಿದ್ದ ರಂಗಸ್ವಾಮಿ, "ಏನ್ಲಾ ರ್‍ಯಾಂಕು, ಕನ್ನಡ ಕಲ್ತ್ಯಾ?" ಎಂದು ಕೂಗಿದ. ನಾಗಾರ್ಜುನ ಕಬ್ಬಿನ ಲಾರಿಯನ್ನು ನೋಡುತ್ತ ನಿಂತ. ಬೈಕು ಹೋಯಿತು.

"ಏನಂದ?"

"ಗೊತ್ತಿಲ್ಲ."

ಕುಂದನ್ ಅವನ ಹೆಗಲ ಮೇಲೆ ಕೈ ಹಾಕಿದ. ಕೈ ಹಗುರವಾಗಿತ್ತು, ಬೆಚ್ಚಗಿತ್ತು. ಅದನ್ನು ಇನ್ನು ಹೋಗಗೊಡುವುದು ತನ್ನಿಂದ ಆಗದು ಎಂದು ನಾಗಾರ್ಜುನನಿಗೆ ಗೊತ್ತಾಯಿತು.

ಆಗಲೇ ಫೋನು ಬಂತು.

ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಅವ್ವ' ಎಂದಿತ್ತು. ಕುಂದನ್ ಬಗ್ಗಿ ಓದಿ, "ಯಾರು, ಕ್ಲಾಸಿನವರಾ?" ಎಂದ. ಎತ್ತದಿದ್ದರೆ ಅವಳು ಬಿಡುವವಳಲ್ಲ, ಕೈಗೆ ಸಿಗುವವರೆಗೆ ಮಾಡುತ್ತಲೇ ಇರುತ್ತಾಳೆ. ದೂರ ಹೋಗಿ ಮಾತಾಡೋಣವೆಂದರೆ ಹೆಗಲ ಮೇಲೆ ಕೈ ಇತ್ತು. ಎತ್ತಿದ.

"ಮಗಾ, ಉಂಡ್ಯಾ?" ಫೋನಿನಲ್ಲಿ ಅವಳ ದನಿ ಯಾವಾಗಲೂ ದೊಡ್ಡದು. ಕುಂದನ್‌ಗೂ ಕೇಳಿಸಿತು. ಅವನ ಮುಖ ಅರಳಿತು. "ಕನ್ನಡ!" ಎಂದು ಪಿಸುಗುಟ್ಟಿದ. ಜೇಬಿನಿಂದ ಜೆರಾಕ್ಸ್ ಹಾಳೆ ಬಿಡಿಸಿ ನಾಗಾರ್ಜುನನ ಮುಂದೆ ಹಿಡಿದು, ಮಧ್ಯಾಹ್ನ ಕಲಿತ ಉತ್ತರದ ಸಾಲಿನ ಕೆಳಗೆ ಬೆರಳಿಟ್ಟ. ಹೇಳು, ಹೇಳು ಎಂದು ಕಣ್ಣಲ್ಲೇ ಹುರಿದುಂಬಿಸಿದ.

ನಾಗಾರ್ಜುನ ಬೆರಳನ್ನು ನೋಡಿದ.

"ಆ-ಯಿ-ತು," ಎಂದ. "ನನ್ನ... ಊಟ... ಆಯಿತು."

ಆ ಕಡೆ ದೂರದಲ್ಲೊಂದು ಕುರಿ ಅರಚಿತು.

"ಯಾರಪ್ಪಾ ನೀವು?" ದ್ಯಾವಮ್ಮನ ದನಿ ಇಳಿದು ಮರ್ಯಾದೆಯದಾಯಿತು. "ಇದು ನನ್ ಮಗನ್ ಫೋನಲ್ವಾ? ನಾಗ ಇಲ್ವಾ ಅಲ್ಲಿ?"

ಅವ್ವ, ನಾನು ಕಣವ್ವ. ನಾಲಿಗೆಯ ತುದಿಗೆ ಬಂದಿತ್ತು. ಕುಂದನ್ ಪ್ರಶ್ನೆ ಅರ್ಥವಾದವನಂತೆ ತಲೆಯಾಡಿಸಿ, ಬೆರಳನ್ನು ಎರಡು ಸಾಲು ಕೆಳಗೆ ಜಾರಿಸಿದ.

"ಅವರು... ಇಲ್ಲಿ... ಇಲ್ಲ."

"ಅಂಗಾ. ಎಲ್ಲೋ ಹೋಗಿರ್ಬೇಕು," ಎಂದಳು ದ್ಯಾವಮ್ಮ. "ಬಂದ್ಮ್ಯಾಕೆ ಒಂದ್ ಮಾತ್ ಹೇಳ್ಬುಡಪ್ಪ. ದೇವ್ರು ಬಲಗಡೆ ಕೊಡ್ತು ಅಂತ. ಮದ್ಲನೇದೇ ತಗಬೇಕಂತೆ. ಅಷ್ಟ್ ಹೇಳುದ್ರೆ ಅವನಿಗೆ ಗೊತ್ತಾಯ್ತದೆ. ನೀನೂ ಹೊತ್ಗೊತ್ಗೆ ಉಣ್ಣಪ್ಪಾ. ಯಾವೂರ್ ಮಗನೋ ಏನೋ, ದನಿ ಬಾಳ ಸೊರಗದೆ."

ಫೋನು ನಿಂತಿತು.

ಕುಂದನ್ ಬೆನ್ನು ತಟ್ಟಿದ. "ನೋಡು, ಮಾತಾಡಿಯೇಬಿಟ್ಟೆ! ಯಾರದು?"

"ರಾಂಗ್ ನಂಬರ್."

ಶ್ರೀರಂಗಪಟ್ಟಣದ ಕಡೆಯಿಂದ ಕೆಂಪು ಬಸ್ಸು ಬಂದು ಅವರ ಮುಂದೆಯೇ ನಿಂತಿತು. ಅದು ನಾಗಾರ್ಜುನ ಪ್ರತಿ ಶನಿವಾರ ಹತ್ತುವ ಬಸ್ಸು. ಕುಂದನ್ ಹುರುಪಿನಲ್ಲಿದ್ದ. ತಲೆಯೆತ್ತಿ ಬೋರ್ಡಿನ ಮೇಲೆ ಕಣ್ಣು ನೆಟ್ಟ.

"ನಾ... ಗ... ಮಂ... ಗ... ಲ. ನಾಗಮಂಗಲ. ಸರಿಯಾ? ಎಲ್ಲಿದೆ ಇದು?"

ಕಂಡಕ್ಟರು ಬಾಗಿಲಲ್ಲಿ ಬಗ್ಗಿ ನಾಗಾರ್ಜುನನನ್ನು ನೋಡಿದ. ಗುರುತಿನ ಮುಖ. "ಹತ್ತಪ್ಪ, ಟೇಮಾಯ್ತು," ಎಂದ.

ನಾಗಾರ್ಜುನ ಅವನ ಬಾಯಿಯನ್ನು ನೋಡುತ್ತ ನಿಂತ, ಏನು ಹೇಳುತ್ತಿದ್ದಾನೋ ತಿಳಿಯದವನಂತೆ. ಕಂಡಕ್ಟರು ಒಂದು ಗಳಿಗೆ ಕಾದ. ಆಮೇಲೆ ತನಗೇ ಗುರುತು ತಪ್ಪಿರಬೇಕೆಂದು ಸೀಟಿ ಊದಿದ.

ಬಸ್ಸು ಹೊರಟಿತು. ಅದರ ಹಿಂದೆಯೂ ಬೋರ್ಡಿತ್ತು. ಕುಂದನ್ ಬೆರಳನ್ನು ಗಾಳಿಯಲ್ಲಿ ಆಡಿಸುತ್ತ, ಬಸ್ಸು ಪಾಂಡವಪುರದ ತಿರುವಿನಲ್ಲಿ ಮರೆಯಾಗುವವರೆಗೆ ಆ ಊರಿನ ಹೆಸರನ್ನು ಮತ್ತೆ ಮತ್ತೆ ಕೂಡಿಸಿ ಓದಿದ. ಒಂದಕ್ಷರವೂ ತಪ್ಪಿರಲಿಲ್ಲ.