ಅಕ್ಕನ ಶೆಡ್ಡಿನ ತಂಪು

ಬಿರುಬೇಸಿಗೆ. ಬೆಳಗಿನ ಒಂಬತ್ತಕ್ಕೇ ತಗಡಿನ ಚಾವಣಿ ಕಾದ ಕಾವಲಿಯಾಗಿತ್ತು. ಅಣಬೆ ಶೆಡ್ಡಿನೊಳಗೆ ಅಕ್ಕ ಗೋಡೆಗಳಿಗೆ ಒದ್ದೆ ಗೋಣಿಚೀಲ ತೂಗುಹಾಕುತ್ತಿದ್ದಳು. ಹೊರಗೆ, ಬೀರುವಿನಷ್ಟು ಎತ್ತರದ ಏಸಿ ಪೆಟ್ಟಿಗೆಯ ತಗಡು ಬಿಚ್ಚಿ, ಮೆಕ್ಯಾನಿಕ್ ಆಗಿದ್ದ ಅವಳ ತಮ್ಮ ಮೊಣಕಾಲೂರಿ ಕೂತಿದ್ದ.

"ಏನಾಗಿದೆಯೋ? ನೆನ್ನೆಯಿಂದ ಬರೀ ಬಿಸಿಗಾಳಿ ಊದ್ತಿದೆ. ಹದಿನೇಳು ಡಿಗ್ರಿ ಇರಬೇಕಾದ್ದು ಇಪ್ಪತ್ತಾರು ತೋರಿಸ್ತಿದೆ."

"ಈ ಪೆಟ್ಟಿಗೆ ತಂಪು ಹುಟ್ಟಿಸಲ್ಲ ಅಕ್ಕ. ಒಳಗಿನ ಸೆಕೇನ ಗ್ಯಾಸಿನ ತಲೆ ಮೇಲೆ ಹೊರಿಸಿ ಆಚೆ ಸುರಿಯುತ್ತೆ, ಅಷ್ಟೇ. ಗ್ಯಾಸನ್ನ ಓಡಾಡ್ಸೋದು ಕಂಪ್ರೆಸರ್. ಅದು ಸುಟ್ಟುಹೋಗಿದೆ."

"ಬೇರೇದು ಹಾಕು ಮತ್ತೆ."

"ತರಿಸೋಕೆ ಐದು ದಿನ ಬೇಕು."

"ಐದು ದಿನಕ್ಕೆ ಅಣಬೆ ಎಲ್ಲಾ ಕೊಡೆ ಬಿಚ್ಕೊಂಡು ಕಪ್ಪಾಗಿರುತ್ತೆ. ಆಮೇಲೆ ಈ ಪೆಟ್ಟಿಗೆಯೊಳಗೆ ಸೀರೆ ಮಡಚಿ ಇಟ್ಕೊಳ್ಲಾ?"

ತಮ್ಮ ನಗಲಿಲ್ಲ. ತಾಯಿ ತೀರಿಕೊಂಡಾಗ ಶಾಲೆ ಬಿಟ್ಟು ಅವನನ್ನು ಸಾಕಿದವಳು ಅಕ್ಕ. ಅವನು ಈ ಕಸುಬು ಕಲಿತದ್ದೂ ಅವಳ ದುಡಿಮೆಯಿಂದಲೇ. ಅದಕ್ಕೇ ಈ ಪೆಟ್ಟಿಗೆಯ ರಿಪೇರಿಗೆ ಅವನು ಎಂದೂ ಕೂಲಿ ಕೇಳಿದವನಲ್ಲ. ಆದರೆ ಬೇರೆಯವರಲ್ಲಿ ಗ್ಯಾಸ್ ಕಡಿಮೆಯಾದರೆ ಕೊಳವೆಯ ಒಂದೊಂದು ಬೆಸುಗೆಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವ ಜಾಗ ಹುಡುಕುತ್ತಿದ್ದವನು, ಇಲ್ಲಿ ಮಾತ್ರ ದಾರಿಯಲ್ಲಿ ಹೋಗುತ್ತಾ ಅರ್ಧ ಗಂಟೆ ನಿಂತು ಗ್ಯಾಸ್ ತುಂಬಿ ಹೋಗುತ್ತಿದ್ದ. ನಾಲ್ಕು ಬೇಸಿಗೆ ಹೀಗೇ ಕಳೆದವು.

"ಇಲ್ಲೊಂದು ಸ್ವಿಚ್ ಇದೆ ನೋಡು," ಎಂದ, ತಲೆಯೆತ್ತದೆ. "ಗ್ಯಾಸ್ ಕಮ್ಮಿಯಾದ್ರೆ ಮಿಷಿನ್ನ ತಾನಾಗೇ ನಿಲ್ಲಿಸುತ್ತೆ. ಹೋದ ವರ್ಷ ಪದೇ ಪದೇ ನಿಂತುಹೋಗ್ತಿದೆ ಅಂತ ದಿನಕ್ಕೆ ಮೂರು ಸಲ ಫೋನ್ ಮಾಡ್ತಿದ್ದೆಯಲ್ಲ? ಆಗ ಈ ಸ್ವಿಚ್ಚನ್ನೇ ತಪ್ಪಿಸಿ ತಂತಿ ಜೋಡಿಸಿಬಿಟ್ಟೆ. ಬಿಡುವಾದಾಗ ಬಂದು ಸರಿಮಾಡೋಣ ಅಂತಿದ್ದೆ. ಆ ಗ್ಯಾಸೇ ಕಂಪ್ರೆಸರನ್ನೂ ತಣ್ಣಗಿಡೋದು. ಅದು ಸೋರಿಹೋದ್ರೂ ಮಿಷಿನ್ ನಿಲ್ಲಲಿಲ್ಲ."

ಅಕ್ಕ ಬಾಗಿಲ ಬಳಿ ಬಂದು ತಂತಿಯ ತುಂಡನ್ನು ನೋಡಿದಳು.

"ಬೇರೆಯವರ ಪೆಟ್ಟಿಗೆಗೂ ಹೀಗೇ ಮಾಡ್ತೀಯಾ?"

"ಇಲ್ಲ."

"ಮತ್ತೆ?"

"ನೀನಾದ್ರೆ ಏನೂ ಅನ್ನಲ್ಲ ಅಂತ..."

ಅವಳು ಬುಟ್ಟಿಗಳನ್ನು ಒಳಗೆ ತೆಗೆದುಕೊಂಡು ಹೋಗಿ, ಕೆಡುವ ಮೊದಲೇ ಮಾರಲೆಂದು, ಅಂಗಿಯ ಬಟನ್ನಿಗಿಂತ ತುಸು ದೊಡ್ಡವಾಗಿದ್ದ ಎಳೆ ಅಣಬೆಗಳನ್ನೇ ಕೀಳತೊಡಗಿದಳು. ಅವನು ಒಂದು ಬುಟ್ಟಿ ಎತ್ತಿಕೊಂಡ.

"ಬೇಡಪ್ಪ, ಕೈಯೆಲ್ಲ ಮಸಿ. ಒಂದು ಕಲೆಯಾದ್ರೂ ಯಾರೂ ತಗೊಳಲ್ಲ."

ನಲ್ಲಿಯ ಕೆಳಗೆ ಉಗುರುಸಂದಿಯನ್ನೆಲ್ಲ ಉಜ್ಜಿ ತೊಳೆದು ಬರುವಷ್ಟರಲ್ಲಿ ಅವಳು ಬಾಗಿಲು ಮುಚ್ಚಿಕೊಂಡಿದ್ದಳು. ತೆರೆದರೆ ಒಳಗೆ ಉಳಿದಿರುವ ಚೂರುಪಾರು ತಂಪೂ ಹೋದೀತು. ತಟ್ಟಲೆಂದು ಎತ್ತಿದ ಕೈಯನ್ನು ಅವನು ಇಳಿಸಿದ. ಒಳಗೆ ಬುಟ್ಟಿ ಎಳೆಯುವ ಸದ್ದಾಯಿತು, ಮತ್ತೆ ಇನ್ನೊಂದು ಬುಟ್ಟಿಯದು.